ಮಾಯಮ್ಮನ ಸೊಪ್ಪಿನ ತೋಟಕ್ಕೆ ಬಿದ್ದ ತಂತಿ

ಬೈರಾಪಟ್ಟಣದಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡ ಮನೆ ಮಾಯಮ್ಮನದು. ನನಗಿಂತ ಚಿಕ್ಕವಳು. ರೇಷ್ಮೆ ಹುಳು ಸಾಕುವುದೇ ಅವಳ ಬದುಕು. ಸೊಸೆಯಾಗಿ ಬಂದ ವರ್ಷ ಅತ್ತೆ ಅವಳ ಕೈಗೆ ಹುಳದ ತಟ್ಟೆ ಕೊಟ್ಟರಂತೆ. ಅಂದಿನಿಂದ ಒಂದು ಹೊತ್ತೂ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತಪ್ಪಿಸಿದವಳಲ್ಲ. ಮಗಳ ಮದುವೆಯಲ್ಲಿ ಧಾರೆ ಮುಗಿದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಳು ಮನೆಗೆ ಹೋಗಿ ಸೊಪ್ಪು ಹಾಕಿ ಬಂದದ್ದನ್ನು ನಾನೇ ಕಂಡಿದ್ದೇನೆ. ಹುಳು ಮನೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ಅವಳಿಗೆ ಆಗದು. ನನ್ನ ಜೊತೆ ಇಷ್ಟು ಮೆತ್ತಗೆ ಮಾತಾಡಿದ್ದರೆ ನಾನೂ ಗೂಡು ಕಟ್ಟುತ್ತಿದ್ದೆ ಎಂದು ಗಂಡ ಬೋರಲಿಂಗಯ್ಯ ಆಡಿಕೊಳ್ಳುತ್ತಿದ್ದ.

ಹೋದ ವರ್ಷ ಮುಂಗಾರಿಗೆ ಮೊದಲು ಬಂದ ಮಳೆಯ ಮಾತಿದು. ಹುಳುಗಳು ದೊಡ್ಡವಾಗಿ, ಎಷ್ಟು ಹಾಕಿದರೂ ತಿನ್ನುವ ಹೊತ್ತು. ಆಗ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ. ಸಂಜೆ ಬೀಸಿದ ಗಾಳಿಗೆ ತೆಂಗಿನ ಮರವೊಂದು ಲೈನಿನ ಮೇಲೆ ಉರುಳಿತು. ಕಂಬ ವಾಲಿತು. ಒಂದು ತಂತಿ ಕಿತ್ತು ಮಾಯಮ್ಮನ ಸೊಪ್ಪಿನ ತೋಟದೊಳಗೆ ಬಿತ್ತು. ಊರಿಗೆಲ್ಲ ಕರೆಂಟು ಹೋಯಿತು. ಬೆಳಿಗ್ಗೆ ನೋಡಿದರೆ, ಎದೆಮಟ್ಟ ಬೆಳೆದ ಗಿಡಗಳ ನಡುವೆ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದೇ ಕಾಣದು. ನೆಲವೆಲ್ಲ ಒದ್ದೆ.

ಕೊಯ್ದಿಟ್ಟ ಸೊಪ್ಪು ಮುಗಿದಿತ್ತು. ಲೈನ್‌ಮನ್ ಲೋಕೇಶನಿಗೆ ಫೋನ್ ಮಾಡಿದರೆ, ಸುತ್ತಲ ಊರುಗಳಲ್ಲೂ ಕಂಬಗಳು ಬಿದ್ದಿವೆ, ತಡವಾಗುತ್ತದೆ, ನಾನು ಬರುವ ತನಕ ಯಾರೂ ತೋಟಕ್ಕೆ ಇಳಿಯಬೇಡಿ ಎಂದ. ಬೋರಲಿಂಗಯ್ಯ ಕೇಳಲಿಲ್ಲ. ರಾತ್ರಿಯಿಂದ ಕರೆಂಟೇ ಇಲ್ಲ, ಒಣಗಿದ ಬಿದಿರಿನಲ್ಲಿ ತಂತಿ ಸರಿಸಿ ಒಂದು ಹೊರೆ ಕೊಯ್ದು ತರುತ್ತೇನೆ ಎಂದು ಗಳ ಹಿಡಿದು ಹೊರಟ. ಹೆಂಡತಿ ಹುಳು ಮನೆಗೂ ಬೀದಿಗೂ ಓಡಾಡುತ್ತಿದ್ದುದನ್ನು ನೋಡಲಾರದೆ ಹೊರಟವನು ಅವನು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಬದುವಿನ ಮೇಲೆ ಮಾಯಮ್ಮ ಅಡ್ಡ ನಿಂತಳು.

"ಇಳೀಬ್ಯಾಡಿ."

"ಹುಳ ಸಾಯ್ತವೆ ಕಣೆ."

"ಸಾಯ್ಲಿ."

ಆ ಮಾತು ಅವಳ ಬಾಯಿಂದ ಬಂದದ್ದು ಕೇಳಿ, ಅವರ ಹಿಂದೆಯೇ ಬಂದಿದ್ದ ನಾನು ಬೆಚ್ಚಿದೆ. ಬೋರಲಿಂಗಯ್ಯನಿಗೆ ರೇಗಿತು. "ನೀನೇನ್ ಲೈನ್‌ಮನ್ ಮಗಳಾ? ಕರೆಂಟಿಲ್ದಿದ್ ಮೇಲೆ ಅದು ಬಟ್ಟೆ ಒಣಗಾಕೋ ತಂತಿ ಇದ್ದಂಗೆ."

"ಹೋಗಿರೋ ಕರೆಂಟು ಬರೋವಾಗ ನಿಮ್ಮನ್ನ ಕೇಳ್ಕಂಡ್ ಬತ್ತದಾ?"

ಅವನು ಪಕ್ಕದಿಂದ ನುಸುಳಲು ನೋಡಿದ. ಅವಳು ಗಳದ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕುಳಿತುಬಿಟ್ಟಳು. ಎಳೆದರೂ ಬಿಡಲಿಲ್ಲ. ಅವರು ಹಾಗೆ ಜಗ್ಗಾಡುತ್ತಿರುವಾಗಲೇ ತೋಟದ ಪಕ್ಕದ ಹುಳು ಮನೆಯ ಬಲ್ಬು ಫಕ್ಕನೆ ಹತ್ತಿಕೊಂಡಿತು. ತೋಟದೊಳಗಿಂದ ಚಟಚಟ ಸದ್ದು ಬಂತು, ಒದ್ದೆ ಗಿಡಗಳ ಮಧ್ಯೆ ತೆಳ್ಳಗೆ ಹೊಗೆ ಎದ್ದಿತು. ಮತ್ತೆ ಬಲ್ಬು ಆರಿತು.

ಬೋರಲಿಂಗಯ್ಯ ಗಳ ಕೆಳಗಿಟ್ಟು ಹೆಂಡತಿಯ ಪಕ್ಕ ಕುಳಿತ. ಆಮೇಲೆ ಎದ್ದು, ದನ ಕರು, ಜನ ಯಾರೂ ಒಳಗೆ ಹೋಗದಂತೆ ತೋಟದ ಎರಡೂ ದಾರಿಗೆ ದೂರದಲ್ಲೇ ಮುಳ್ಳು ತಂದು ಹಾಕಿದ.

ನಾನು ಹಿಂದಿನ ಬೀದಿಯ ನಾಗಲಕ್ಷ್ಮಮ್ಮನಿಗೆ ವಿಷಯ ಹೇಳಿದೆ. ಅವಳ ಹುಳು ಇನ್ನೂ ಎಳೆಯವು, ಸೊಪ್ಪು ಉಳಿದಿತ್ತು. ಎರಡು ಹೊರೆ ಕೊಯ್ಯಿಸಿ ತಂದಳು. ಆದರೆ ಎಲ್ಲ ಮಳೆಯಲ್ಲಿ ನೆನೆದದ್ದು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ. ಫ್ಯಾನಿನ ಕೆಳಗೆ ಹರಡೋಣವೆಂದರೆ ಕರೆಂಟಿಲ್ಲ. ಜಗಲಿಯ ಮೇಲೆ ಹಳೆಯ ನೂಲಿನ ಸೀರೆ ಹಾಸಿ, ಒಂದೊಂದೇ ಎಲೆ ಒರೆಸಲು ಕುಳಿತೆವು. ಮಗುವಿನ ಮುಖ ಒರೆಸಿದ ಹಾಗೆ ಒರೆಸಬೇಕು. ಜೋರು ಮಾಡಿದರೆ ಎಲೆ ಹಿಸುಕಿಹೋಗುತ್ತದೆ.

ಲೋಕೇಶ ಬಂದಾಗ ಮಧ್ಯಾಹ್ನ ತಿರುಗಿತ್ತು. ಮೊದಲು ಟ್ರಾನ್ಸ್‌ಫಾರ್ಮರ್ ಹತ್ತಿರ ಲೈನಿನ ಕರೆಂಟು ತೆಗೆದು, ಆಮೇಲೆ ತಂತಿ ಸುತ್ತಿಕೊಂಡ. ಅಷ್ಟರೊಳಗೆ ಹುಳುಗಳಿಗೆ ಒಂದು ಹೊತ್ತಿನ ಸೊಪ್ಪು ಬಿದ್ದಿತ್ತು. ಆ ಸಲ ಗೂಡು ಸ್ವಲ್ಪ ತೆಳುವಾಯಿತು, ಆದರೆ ಬೆಳೆ ಕೈಬಿಡಲಿಲ್ಲ.

ಸಂಜೆಯ ಸೊಪ್ಪು ಒರೆಸುವಾಗ ಬೋರಲಿಂಗಯ್ಯ ಮೆಲ್ಲಗೆ ಕೇಳಿದ: "ಸೊಪ್ಪು ಸಿಗ್ದೆ ಹುಳವೆಲ್ಲ ಹೋಗಿದ್ರೆ ಏನ್ ಮಾಡ್ತಿದ್ದೆ?"

"ಒಸಿ ಅಳ್ತಿದ್ದೆ," ಎಂದಳು ಮಾಯಮ್ಮ. "ಆಮ್ಯಾಕೆ ಹೊಸ ಮೊಟ್ಟೆ ತರಾಕೆ ನಿಮ್ಮನ್ನೇ ಕಳಿಸ್ತಿದ್ದೆ."

ಅವನು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಲೆಯನ್ನು, ಅದು ಒಣಗಿದ ಮೇಲೂ, ಒರೆಸುತ್ತಲೇ ಇದ್ದ.