ಕೋಟಿನ ಇನ್ನೊಂದು ತೋಳು

ಮೇಲ್ಮನವಿಯಲ್ಲಿ ಮೂವರು ನ್ಯಾಯಮೂರ್ತಿಗಳು ಕೊಟ್ಟ ತೀರ್ಪನ್ನು ಎಲ್ಲ ನ್ಯಾಯಮೂರ್ತಿಗಳೂ ಕೂಡಿದ ಪೂರ್ಣಪೀಠ ಮತ್ತೆ ನೋಡಬೇಕಾದರೆ, ಆ ನ್ಯಾಯಾಲಯದ ಒಬ್ಬ ನ್ಯಾಯಮೂರ್ತಿಯಾದರೂ ‘ಮತಕ್ಕೆ ಹಾಕಿ’ ಎಂದು ಕೇಳಬೇಕು. ಯಾರೂ ತುಟಿ ಬಿಚ್ಚದಿದ್ದರೆ ಅರ್ಜಿ ತಾನಾಗಿಯೇ ವಜಾ.

ನ್ಯಾಯಾಲಯದ ಹಿಂದಿನ ಓಣಿಯಲ್ಲಿ ವಕೀಲರ ಕೋಟುಗಳಿಗೆ ಇಸ್ತ್ರಿ ಹಾಕುವ ಅಕ್ಕನಿಗೆ ಇದು ಗೊತ್ತಿರಲಿಲ್ಲ. ತಾಯಿ ತೀರಿಕೊಂಡಾಗ ಮೇಜು ಎಟುಕದೆ ಸ್ಟೂಲಿನ ಮೇಲೆ ನಿಂತು ಇಸ್ತ್ರಿ ಕಲಿತವಳು, ತಮ್ಮನನ್ನು ಅದರಲ್ಲೇ ಸಾಕಿದವಳು. ತಾನು ಕಾವಲಿದ್ದ ಗೋದಾಮಿಗೆ ತಾನೇ ಬೆಂಕಿ ಇಟ್ಟನೆಂದು ಆ ತಮ್ಮ ಈಗ ಜೈಲಿನಲ್ಲಿದ್ದಾನೆ.

ಮೇಲ್ಮನವಿಯಲ್ಲಿ ಇಬ್ಬರು ಶಿಕ್ಷೆಯನ್ನು ಎತ್ತಿಹಿಡಿದರು. ಮೂರನೆಯವರು ಭಿನ್ನಮತ ಬರೆದರು. ಏನು ಬರೆದರು ಅಂತೀರಿ! ಸಾಕ್ಷಿ ನಿಂತಿದ್ದ ಕಡೆಯಿಂದ ಗೋದಾಮಿನ ಬಾಗಿಲೇ ಕಾಣುವುದಿಲ್ಲ, ಈ ನಿರಪರಾಧಿಯ ಮುಂದೆ ನ್ಯಾಯಾಲಯ ತಲೆತಗ್ಗಿಸಬೇಕು, ಇತ್ಯಾದಿ. ಪತ್ರಿಕೆಗಳು ಹಾಡಿ ಹೊಗಳಿದವು. ಅಕ್ಕ ಆ ಸುದ್ದಿಯನ್ನು ಕತ್ತರಿಸಿ ಮೇಜಿನ ಎದುರಿನ ಗೋಡೆಗೆ ಅಂಟಿಸಿದಳು.

“ಪೂರ್ಣಪೀಠದಲ್ಲಿ ಆ ದೊಡ್ಡೋರು ನಮ್ಮ ಕಡೆ ನಿಲ್ತಾರಲ್ವಾ ಸಾರ್?”

“ನಿಲ್ದೆ ಏನಮ್ಮ! ಬರೆದೋರೇ ಅವರು,” ಎಂದು ಧೈರ್ಯ ಹೇಳಿ ಅರ್ಜಿ ಹಾಕಿದ್ದ ವಕೀಲರು ಮೊನ್ನೆ ತಲೆ ಕೆರೆದುಕೊಳ್ಳುತ್ತಾ ಬಂದರು. ಆದೇಶ ಒಂದೇ ಸಾಲು: ಯಾರೂ ಮತ ಕೇಳಿಲ್ಲ, ಅರ್ಜಿ ವಜಾ.

“ಯಾರೂ ಅಂದ್ರೆ? ಅವರೂ ಕೇಳ್ಲಿಲ್ವಾ?”

“ಇಲ್ಲಮ್ಮ.”

“ಯಾಕೆ, ಬಾಯಿ ಬಿದ್ದುಹೋಗಿತ್ತಾ?”

“ಹಂಗಲ್ಲ. ಮತ ಕೇಳಿದ್ರೆ ಅಷ್ಟೂ ಜನ ಕಡತ ಓದ್ಬೇಕು. ರಜೆ ಬೇರೆ ಹತ್ರ ಬಂತು. ಜೊತೆಯವರಿಗೆ ಬೇಜಾರಾಗುತ್ತೆ ಅಂತ ಅಲ್ಲಿ ಒಂದು ಮರ್ಯಾದೆ...”

“ಓಹೋ. ನನ್ನ ತಮ್ಮ ಒಳಗೆ ಕೊಳೆತ್ರೆ ಯಾರಿಗೂ ಬೇಜಾರಿಲ್ಲ!”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಅರ್ಧ ಮುಗಿದಿದ್ದ ಅವರದೇ ಕೋಟನ್ನು ಎತ್ತಿ ಕೊಟ್ಟಳು.

“ಒಂದು ತೋಳು ಆಯ್ತು ಸಾರ್. ಇನ್ನೊಂದರ ಬಗ್ಗೆ ನನಗೆ ಭಾಳ ಕಳಕಳಿ ಇದೆ. ಬೇಕಾದ್ರೆ ಚೆನ್ನಾಗಿ ಬರೆದು ಕೊಡ್ತೀನಿ.”

ವಕೀಲರು ಸುಕ್ಕುತೋಳಿನಲ್ಲೇ ವಾದಕ್ಕೆ ಹೋದರು. ಗೋಡೆಯ ಮೇಲಿನ ಸುದ್ದಿಯನ್ನು ಅಕ್ಕ ಕಿತ್ತು, ಪೆಟ್ಟಿಗೆಯ ಕಾವು ನೋಡಲು ಬಳಸಿದಳು. ಕಮರು ವಾಸನೆ ಓಣಿಗೆಲ್ಲ ಹರಡಿತು. ಆ ಮಹಾನ್ ಭಿನ್ನಮತದಿಂದ ಅವಳಿಗಾದ ಉಪಯೋಗ ಅಷ್ಟೇ.

ಬರೆಯುವುದಕ್ಕೆ ಏನು ಖರ್ಚು? ಮತ ಕೇಳುವುದಕ್ಕೆ ಖರ್ಚಿದೆ: ಮಾರನೆಯ ದಿನ ಚಹಾ ಕುಡಿಯುವಾಗ ನಾಲ್ಕು ಮುಖಗಳು ಗಂಟಿಕ್ಕಿಕೊಳ್ಳುತ್ತವೆ. ಅಷ್ಟಕ್ಕೇ ಹೆದರಿದ ಮನುಷ್ಯ ಹಾಳೆಯ ಮೇಲೆ ಹುಲಿ, ಚಹಾದ ಮೇಜಿನಲ್ಲಿ ಬೆಕ್ಕು.

ಈಗ ಕಾನೂನು ಕಾಲೇಜಿನಲ್ಲಿ ಆ ಭಿನ್ನಮತದ ನ್ಯಾಯಮೂರ್ತಿಗಳದೊಂದು ಭಾಷಣವಿದೆಯಂತೆ, ವಿಷಯ ‘ಆತ್ಮಸಾಕ್ಷಿ’. ಚಪ್ಪಾಳೆಗೆ ನೀವೂ ಹೋಗುತ್ತೀರಿ, ಗೊತ್ತು. ಹೋಗಿ. ಆದರೆ ಕೈ ತಟ್ಟುವ ಮೊದಲು ಎದ್ದು ನಿಂತು ಕೇಳಿ: “ಸ್ವಾಮಿ, ಮತ ಯಾಕೆ ಕೇಳಲಿಲ್ಲ?” ಉತ್ತರ ಬರುವ ತನಕ ಕೂರಬೇಡಿ.