ಟಿಪ್ಸ್ ಅಕ್ಕನ ಮೂಗು

ನಮ್ಮ ಓಣಿಯಲ್ಲಿ ಯಾರ ಮನೆಯ ಫ್ರಿಜ್ ನಾರಿದರೂ ಮೊದಲ ಫೋನ್ ಬರುವುದು ನನಗೆ. ಮೆಲ್ಕಾರಿನ ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಹನ್ನೆರಡು ಮನೆಗಳ ಓಣಿ ಇದು. ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ನನಗೆ ‘ಟಿಪ್ಸ್ ಅಕ್ಕ’ ಎಂದೇ ಹೆಸರು. ಮೀನು ಮುಟ್ಟಿದ ಕೈಗೆ ಹುಳಿ ಬಿಂಬುಳಿ ಕಾಯಿ ತಿಕ್ಕಿ, ಫ್ರಿಜ್ಜಿನೊಳಗೆ ತೆಂಗಿನ ಗೆರಟೆಯ ಇದ್ದಿಲು ಇಡಿ, ಬೆಕ್ಕು ಮೂತ್ರ ಮಾಡಿದ ಜಾಗವನ್ನು ವಿನೆಗರ್ ನೀರಿನಲ್ಲಿ ಒರೆಸಿ, ನೆಲಕ್ಕೆ ನಿಂಬೆ ಪರಿಮಳದ ಮಜ್ಜಿಗೆ ಹುಲ್ಲು ಕುದಿಸಿದ ನೀರು ಹಾಕಿ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಉಂಟು. ಉತ್ತರ ಹೇಳುವುದರಲ್ಲಿ ಸ್ವಲ್ಪ ಜಂಬವೂ ಉಂಟು, ಅದರಲ್ಲಿ ಸುಳ್ಳು ಹೇಳುವುದಿಲ್ಲ.

ಸುಳ್ಳು ಹೇಳಿದ್ದು ಬೇರೆ ವಿಷಯದಲ್ಲಿ. ನನಗೆ ವಾಸನೆಯೇ ಗೊತ್ತಾಗುವುದಿಲ್ಲ.

ಕೊರೊನಾ ಬಂದಾಗ ಹೋದ ಮೂಗು ಇದು. ಎಲ್ಲರದೂ ಹದಿನೈದು ದಿನಕ್ಕೋ ತಿಂಗಳಿಗೋ ವಾಪಸು ಬಂತು, ನನ್ನದು ಬರಲೇ ಇಲ್ಲ. ಮೊದಮೊದಲು ಬರುತ್ತದೆ ಎಂದು ಕಾದೆ, ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು. ನನ್ನ ಗಂಡ ಇರುವುದು ಮಸ್ಕತ್ತಿನಲ್ಲಿ. ಮಗಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಶನಿವಾರ ಬಂದು ಭಾನುವಾರ ಹೋಗುತ್ತಾಳೆ. ಉಳಿದ ದಿನ ಮನೆಯಲ್ಲಿ ನಾನು ಮತ್ತು ನಮ್ಮ ನಾಯಿ. ನನ್ನ ಮೂಗಿನ ಸಂಗತಿ ಗೊತ್ತಾದರೆ ಗಂಡ ಅದೇ ಗಳಿಗೆಯಲ್ಲಿ, “ಗ್ಯಾಸ್ ಲೀಕ್ ಆದ್ರೆ ಎಂತ ಮಾಡ್ತಿ? ಒಬ್ಬಳೇ ಇರುವುದು ಬೇಡ, ಕನ್ಯಾನಕ್ಕೆ ಹೋಗಿ ತಮ್ಮನ ಮನೆಯಲ್ಲಿರು” ಎನ್ನುತ್ತಾರೆ. ಮೈದುನನ ಮನೆಯವರು ಒಳ್ಳೆಯವರೇ. ಆದರೆ ಅಲ್ಲಿ ನಾಯಿಗೆ ಸಂಕೋಲೆ, ಹೊಸಿಲು ದಾಟುವ ಹಾಗಿಲ್ಲ. ನನ್ನವಳು ಎಂಟು ವರ್ಷದಿಂದ ನನ್ನ ಮಂಚದ ಕೆಳಗೆ ಮಲಗಿದವಳು. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಂಡು ಬದುಕುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ ಮುಂಬಾಗಿಲವರೆಗೆ ಹೋಗಿ ಮತ್ತೆ ವಾಪಸು ಬಂದು ನೋಡುತ್ತೇನೆ. ಹಾಲನ್ನು ಮೊದಲು ಒಂದು ಸೌಟಿನಲ್ಲಿ ಕುದಿಸಿ ಒಡೆಯುತ್ತದೆಯಾ ನೋಡುತ್ತೇನೆ. ನಿನ್ನೆಯ ಸಾರನ್ನು ಮಗಳ ಮುಂದಿಟ್ಟು ಅವಳ ಮುಖ ನೋಡುತ್ತೇನೆ. ದಿನಕ್ಕೆರಡು ಸಲ ಸ್ನಾನ ಮಾಡುತ್ತೇನೆ, ಆದರೂ ಬಸ್ಸಿನಲ್ಲಿ ಪಕ್ಕದವರು ಕಿಟಕಿ ಸರಿಸಿದರೆ ಎದ್ದು ಬೇರೆ ಸೀಟಿಗೆ ಹೋಗುತ್ತೇನೆ. ಇಷ್ಟರ ನಡುವೆ ಯಾರೋ ಫೋನ್ ಮಾಡಿ, “ಅಕ್ಕ, ಸಿಂಕ್ ವಾಸನೆ ಬರ್ತದೆ, ಎಂತ ಮಾಡುವುದು?” ಎಂದು ಕೇಳುತ್ತಾರೆ. ನಾನು ಗತ್ತಿನಲ್ಲಿ ಹೇಳುತ್ತೇನೆ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

ಕಳೆದ ಏಪ್ರಿಲಿನ ಒಂದು ಶನಿವಾರ. ಮಗಳು ಬಸ್ಸಿಳಿದು ಬಂದವಳು ಸಿಟೌಟಿನಲ್ಲಿ ಬ್ಯಾಗು ಇಟ್ಟು ಮೂಗು ಹಿಡಿದುಕೊಂಡಳು.

“ಎಂತಮ್ಮ ಇದು, ನಾಯಿ ವಾಸನೆ ಹೊಡೀತದೆ!”

“ಹೌದು, ನನಗೂ ಬೆಳಿಗ್ಗೆಯಿಂದ ಬರ್ತಾ ಉಂಟು,” ಎಂದೆ. ಎಷ್ಟು ಸಲೀಸಾಗಿ ಬಂತು ನೋಡಿ ಬಾಯಿಗೆ! “ಸೆಕೆ ಅಲ್ವಾ, ನಾಳೆ ಮೀಯಿಸುವ.”

ನಮ್ಮವಳು ಕಂದು ಬಣ್ಣದ ಊರ ನಾಯಿ. ಮಗಳು ಆರನೆಯ ಕ್ಲಾಸಿನಲ್ಲಿದ್ದಾಗ ಬಸ್‌ಸ್ಟ್ಯಾಂಡಿನಿಂದ ಎತ್ತಿಕೊಂಡು ಬಂದ ಮರಿ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಎಂದು ಆಗಲೇ ಒಬ್ಬರು ಹೇಳಿದ್ದರು. ಪಾಪ, ಸುಮ್ಮನೆ ಯಾಕೆ ಹೊಟ್ಟೆ ಕೊಯ್ಯಿಸುವುದು, ಗೇಟು ಹಾಕಿಟ್ಟರೆ ಆಯಿತಲ್ಲ ಎಂದು ನಾನೇ ಬಿಟ್ಟಿದ್ದೆ. ಆ ಏಪ್ರಿಲಿಗಿಂತ ಒಂದೂವರೆ ತಿಂಗಳು ಮೊದಲು ಅವಳ ಬೆದೆಯ ದಿನಗಳು ಮುಗಿದಿದ್ದವು.

ಭಾನುವಾರ ಮೀಯಿಸಿದೆವು. ಮಗಳು ಮೂಸಿ, “ಈಗ ಪರವಾಗಿಲ್ಲ” ಎಂದು ಹಾಸ್ಟೆಲಿಗೆ ಹೋದಳು. ಮಂಗಳವಾರ ಪಕ್ಕದ ಮನೆಯಾಕೆ ಕರಿಬೇವು ಕೇಳಲು ಬಂದವರು ಸೆರಗಿನ ಚುಂಗು ಮೂಗಿನ ಹತ್ತಿರ ತಂದರು. ಯಾವಾಗಲೂ ಕೂತು ಒಂದು ಲೋಟ ಚಹಾ ಕುಡಿಯದೆ ಏಳದ ಮಹಾತಾಯಿ, ಅಂದು ನಿಂತಲ್ಲೇ “ಒಲೆಯಲ್ಲಿ ಪಾತ್ರೆ ಉಂಟು” ಎಂದು ಓಡಿದರು. ನನಗೆ ಅರ್ಥವಾಯಿತು. ಕೇಳಬಹುದಿತ್ತು, ‘ಎಂತ ವಾಸನೆ, ಎಲ್ಲಿಂದ, ಹೇಗಿದೆ’ ಎಂದು. ಹೇಗೆ ಕೇಳುವುದು? ಟಿಪ್ಸ್ ಅಕ್ಕ ಹೋಗಿ ‘ನನ್ನ ಮನೆ ನಾರುತ್ತದಾ’ ಎಂದು ಕೇಳುವುದಾ?

ಅಂದಿನಿಂದ ಶುರುವಾಯಿತು ನನ್ನ ಯುದ್ಧ. ನಾಯಿಯ ಚಾಪೆಗೆ ಅಡುಗೆ ಸೋಡ ಉದುರಿಸಿ, ಒಂದು ಗಂಟೆ ಬಿಟ್ಟು ಕೊಡವಿ, ಬಿಸಿಲಿಗೆ ಹಾಕಿದೆ. ಹಾಸಿದ ಹಳೆಯ ಸೀರೆಯನ್ನು ವಿನೆಗರ್ ನೀರಿನಲ್ಲಿ ನೆನೆಸಿ ಒಗೆದೆ. ಬೆಳಿಗ್ಗೆ ಸಂಜೆ ಮಜ್ಜಿಗೆ ಹುಲ್ಲಿನ ನೀರಿನಲ್ಲಿ ನೆಲ ಒರೆಸಿದೆ. ಮಂಚದ ಕೆಳಗೆ ಮೂರು ಬಟ್ಟಲು ಇದ್ದಿಲು ಇಟ್ಟೆ. ಚಾಪೆಯ ಮೇಲೆ ದಿನವೂ ಒಂದು ಒದ್ದೆ ಕಲೆ ಇರುತ್ತಿತ್ತು, ಹಳದಿಗೂ ಕಂದಿಗೂ ನಡುವಿನದು. ಪ್ರಾಯವಾಯಿತಲ್ಲ, ಮೂತ್ರ ನಿಲ್ಲುವುದಿಲ್ಲ ಎಂದುಕೊಂಡೆ. ಅವಳು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಸೆಕೆ ಎಂದುಕೊಂಡೆ. ಗಂಜಿ ಬಿಟ್ಟಳು. ಅದೂ ಸೆಕೆಯೇ! ಹಿಂಬದಿಯನ್ನು ಸದಾ ನೆಕ್ಕುತ್ತಾ ಕೂತರೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, “ಎಂತದು ನಿನ್ನದು, ಮರ್ಯಾದೆ ತೆಗೀತಿಯಲ್ಲ” ಎಂದು ಬೈದೆ. ಹೌದು, ಬೈದೆ. ಅವಳು ಕಿವಿ ಹಿಂದೆ ಮಾಡಿ ನನ್ನ ಕೈ ನೆಕ್ಕಿದಳು.

ಆ ಶನಿವಾರ ಮಗಳು ಪರೀಕ್ಷೆಗೆ ಓದಲಿಕ್ಕುಂಟು ಎಂದು ಬರಲಿಲ್ಲ. ಸಂಜೆ ವಿಡಿಯೋ ಕಾಲಿನಲ್ಲಿ ಗಂಡ, “ಅದು ಯಾಕೆ ಡಲ್ ಉಂಟು?” ಎಂದು ಕೇಳಿದರು. ಫೋನಿನಲ್ಲಿ ವಾಸನೆ ಹೋಗುವುದಿಲ್ಲವಲ್ಲ ಎಂದು ನನಗೆ ಆಗ ಸಮಾಧಾನವಾಯಿತು. ನನ್ನ ಚಿಂತೆ ಯಾವ ಕಡೆ ಇತ್ತು ನೋಡಿ.

ಮರುವಾರ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಮೀನಿನ ಕಾಕನ ಸ್ಕೂಟರಿನ ಹಾರ್ನ್ ಕೇಳಿತು. ಅರುವತ್ತು ದಾಟಿದ ಬ್ಯಾರಿ ಮುಸ್ಲಿಂ ಮನುಷ್ಯ, ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಇಪ್ಪತ್ತು ವರ್ಷದಿಂದ ನಮ್ಮ ಓಣಿಗೆ ಬರುತ್ತಾರೆ. ನಾಯಿ ಇದೆ ಎಂದು ನಮ್ಮ ಗೇಟಿನಿಂದ ಒಳಗೆ ಕಾಲಿಟ್ಟವರಲ್ಲ. ಅವರಲ್ಲಿ ನಾಯಿಯ ಎಂಜಲು, ಒದ್ದೆ ತಾಗಬಾರದು. ನಾನೇ ಪಾತ್ರೆ ಹಿಡಿದು ಹೊರಗೆ ಹೋಗುವುದು. ಅಂದು ಅವರು ಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ. ಗೇಟಿನ ಹತ್ತಿರ ನಿಂತು ಗಾಳಿ ಎಳೆದುಕೊಂಡರು.

“ಅಕ್ಕ, ಒಂದು ಮಾತು. ಬೇಜಾರ ಮಾಡ್ಬೇಡಿ. ಒಳಗೆ ಎಂತದಾದ್ರೂ ಸತ್ತು ಬಿದ್ದುಂಟಾ?”

“ಸಾಯುವುದೆಂತ ಕಾಕ! ನಾಯಿ ವಾಸನೆ ಅದು. ಪ್ರಾಯ ಆಯ್ತಲ್ಲ ಅದಕ್ಕೆ.”

“ಅಲ್ಲ ಅಕ್ಕ. ನಾಯಿ ವಾಸನೆ ನನಗೆ ಗೊತ್ತುಂಟು, ದಿನಾ ಹತ್ತು ಗೇಟಿನಲ್ಲಿ ನಿಲ್ತೇನೆ. ಇದು ಕೊಳೆತದ್ದು. ಪೆಟ್ಟಿಗೆಯ ಅಡಿಯಲ್ಲಿ ಒಂದು ಮೀನು ಉಳಿದು ಮೂರನೇ ದಿನ ಬರ್ತದಲ್ಲ, ಆ ಜಾತಿ.”

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಲ್ಲ, ಹೆದರಿಕೆ, ಆದರೆ ಬಾಯಿಂದ ಬಂದದ್ದು ಸಿಟ್ಟು. “ನನ್ನ ಮನೆಯ ವಾಸನೆ ನನಗೆ ಗೊತ್ತಾಗುವುದಿಲ್ವಾ?”

ಕಾಕ ಆಚೆ ಈಚೆ ನೋಡಿದರು. ಓಣಿಯಲ್ಲಿ ಯಾರೂ ಇರಲಿಲ್ಲ. ದನಿ ತಗ್ಗಿಸಿದರು. “ಇಲ್ಲ ಅಕ್ಕ, ನಿಮಗೆ ಗೊತ್ತಾಗುವುದಿಲ್ಲ. ಮೊದಲು ನೀವು ಬಂಗುಡೆಯ ಕಿವಿ ಎತ್ತಿ ಮೂಸಿ ನನಗೆ ಬೈತಿದ್ರಿ. ಈಗ ಎಷ್ಟು ಸಮಯ ಆಯ್ತು, ಮೂಸುವುದೇ ಇಲ್ಲ, ಕಣ್ಣು ನೋಡಿ ತಕ್ಕೊಳ್ತೀರಿ. ನನಗೆ ಆವತ್ತೇ ಗೊತ್ತಾಯ್ತು. ಆವತ್ತಿಂದ ನಿಮಗೆ ನಿನ್ನೆಯ ಮೀನು ಒಂದೂ ಕೊಡ್ಲಿಲ್ಲ. ಗೊತ್ತಾಗದವರಿಗೆ ಮೋಸ ಮಾಡಿದ್ರೆ ಮೇಲಿರುವವ ಬಿಡ್ತಾನಾ?”

ಪಾತ್ರೆಯನ್ನು ಗೇಟಿನ ಕಂಬದ ಮೇಲಿಟ್ಟು ಒಳಗೆ ಓಡಿದೆ. ಅವಳು ಮಂಚದ ಕೆಳಗೆ ಇದ್ದಿಲಿನ ಬಟ್ಟಲುಗಳ ನಡುವೆ ಬಿದ್ದಿದ್ದಳು. ಕರೆದರೆ ಬಾಲ ಮಾತ್ರ ಒಮ್ಮೆ ಅಲ್ಲಾಡಿತು. ಹೊಟ್ಟೆ ಬಿಗಿದುಕೊಂಡಿತ್ತು. ಬಾಲ ಎತ್ತಿ ನೋಡಿದರೆ ಕೀವು. ಅಯ್ಯೋ ಕರ್ಮವೇ! ಹೆಚ್ಚೂಕಡಿಮೆ ಹತ್ತು ದಿನದಿಂದ ನಾನು ವಿನೆಗರಿನಲ್ಲಿ ಒಗೆದದ್ದು, ಸೋಡ ಹಾಕಿ ಕೊಡವಿದ್ದು, ಬಿಸಿನೀರಿನಲ್ಲಿ ಒರೆಸಿದ್ದು ಇದನ್ನು. ಅವಳ ಕಾಯಿಲೆ ಊರಿಗೆಲ್ಲ ಕೂಗಿ ಹೇಳುತ್ತಿತ್ತು. ನಾನು ಅದರ ಬಾಯಿ ಒತ್ತಿ ಹಿಡಿದಿದ್ದೆ.

ಕಾಕನೇ ಫೋನ್ ಮಾಡಿ ಜಂಕ್ಷನ್ನಿನಿಂದ ಒಂದು ಗೂಡ್ಸ್ ರಿಕ್ಷಾ ಕರೆಸಿದರು. ಇಪ್ಪತ್ತು ಕೆ.ಜಿ. ನಾಯಿಯನ್ನು ಒಬ್ಬಳೇ ಎತ್ತಲು ನೋಡಿ ನಾನು ಮೆಟ್ಟಿಲಲ್ಲೇ ಕುಸಿದೆ. ರಿಕ್ಷಾದವನಿಗೆ ನಾಯಿ ಎಂದರೆ ಹೆದರಿಕೆ, ಸೀಟಿನಿಂದ ಇಳಿಯಲಿಲ್ಲ. ಆಗ ಕಾಕ ಪೆಟ್ಟಿಗೆಗೆ ಹೊದೆಸಿದ್ದ ಗೋಣಿ ತೆಗೆದು, ಗೇಟು ದೂಡಿ ಒಳಗೆ ಬಂದರು. “ಹಿಡೀರಿ ಅಕ್ಕ, ಆ ಕಡೆ ಹಿಡೀರಿ.” ಗೋಣಿಯಲ್ಲಿ ಮಲಗಿಸಿ ಇಬ್ಬರೂ ಹೊತ್ತೆವು. ಅವಳ ಒದ್ದೆಯೆಲ್ಲ ಅವರ ಮುಂಗೈಗೆ ತಾಗಿತು. ರಿಕ್ಷಾ ಹೊರಡುವಾಗ ತಿರುಗಿ ನೋಡಿದೆ. ನನ್ನ ತೆಂಗಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅಂಗಳದ ನಳ್ಳಿಯಲ್ಲಿ ಅವರು ಕೈ ತೊಳೆಯುತ್ತಿದ್ದರು. ಮಣ್ಣು ಹಚ್ಚಿ ಒಮ್ಮೆ, ಮತ್ತೆ ಬರೀ ನೀರಿನಲ್ಲಿ ಆರು ಸಲ. ಏಳು ಸಲ ತೊಳೆಯಬೇಕು ಅವರಲ್ಲಿ. ಆಮೇಲೆ ಕೇಳಿ ತಿಳಿದುಕೊಂಡದ್ದು.

ಬಿ.ಸಿ. ರೋಡಿನ ಕಡೆಯ ಪಶುವೈದ್ಯರು ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿ, “ಗರ್ಭಕೋಶದಲ್ಲಿ ಕೀವು ತುಂಬಿದೆ. ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ಬೆದೆ ಮುಗಿದ ಮೇಲೆ ಹೀಗಾಗುವುದುಂಟು. ಇವತ್ತೇ ತೆಗೆಯಬೇಕು” ಎಂದರು. ಆಮೇಲೆ ಕೈಗವಸು ಹಾಕುತ್ತಾ ಕೇಳಿದರು, “ಇಷ್ಟು ವಾಸನೆ ಉಂಟು, ಮೊದಲೇ ಯಾಕೆ ತರ್ಲಿಲ್ಲ?”

ಹೇಳಲಿಕ್ಕೆ ಸುಳ್ಳು ಬೇಕಾದಷ್ಟಿತ್ತು. ಸೆಕೆ ಎನ್ನಬಹುದಿತ್ತು, ಊರಲ್ಲಿರಲಿಲ್ಲ ಎನ್ನಬಹುದಿತ್ತು. “ನನಗೆ ಮೂಗಿಲ್ಲ ಡಾಕ್ಟ್ರೆ,” ಎಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೇಳಿದ ಮೇಲೆ ಅಲ್ಲೇ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ.

ಆಪರೇಷನ್ ಮುಗಿಯಿತು. ಎರಡು ದಿನ ಗ್ಲುಕೋಸ್ ಹಾಕಿಸಿ ಮನೆಗೆ ಕರೆತಂದೆವು. ಮಗಳು ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ಅವಳಿಗೂ ಹೇಳಿದೆ, ಮಸ್ಕತ್ತಿಗೂ ಹೇಳಿದೆ. ಮಗಳು, “ಅಮ್ಮ, ನೀನು ನನಗೂ ಹೇಳ್ಲಿಲ್ವಾ?” ಎಂದು ಅರ್ಧ ದಿನ ಮಾತು ಬಿಟ್ಟಳು. ಗಂಡ ನಾನೆಣಿಸಿದ ಹಾಗೆಯೇ ಕನ್ಯಾನ ಎಂದರು. “ಹೊಲಿಗೆ ಬಿಚ್ಚುವವರೆಗೆ ಆ ಮಾತು ಎತ್ತಬೇಡಿ” ಎಂದು ಫೋನ್ ಇಟ್ಟೆ. ಗುಂಪಿನಲ್ಲಿಯೂ ಬರೆದೆ. ಪಕ್ಕದ ಮನೆಯಾಕೆ ಓಡಿ ಬಂದು, “ನಮಗೆಲ್ಲ ವಾಸನೆ ಬರ್ತಿತ್ತು ಮಾರಾಯ್ರೆ. ಹೇಳಿದ್ರೆ ನಿಮಗೆ ಬೇಜಾರ ಆಗ್ತದೆ ಅಂತ ಸುಮ್ಮನಿದ್ದೆವು” ಎಂದು ಕಣ್ಣೊರೆಸಿಕೊಂಡರು. ಅವರ ಮೇಲೆ ಸಿಟ್ಟು ಮಾಡುವ ಮುಖ ನನಗಿರಲಿಲ್ಲ.

ಡಾಕ್ಟ್ರು ಕಳಿಸುವಾಗ ಒಂದೇ ಮಾತನ್ನು ಎರಡು ಸಲ ಹೇಳಿದ್ದರು. ಹತ್ತು ದಿನ ಮೀಯಿಸುವ ಹಾಗಿಲ್ಲ. ಹೊಲಿಗೆಯಿಂದ ವಾಸನೆ ಬಂತೆಂದರೆ ಒಳಗೆ ಪುನಃ ಕೀವಾಗಿದೆ ಎಂದರ್ಥ, ಆಗ ಒಂದು ಗಂಟೆಯೂ ಕಾಯಬಾರದು, ಪ್ರಾಯವಾದ ನಾಯಿ ಇನ್ನೊಂದು ಸಲ ತಡೆಯುವುದಿಲ್ಲ. ಮಗಳು ಇರುವವರೆಗೆ ಅವಳೇ ಮೂಸಿದಳು. ಭಾನುವಾರ ಸಂಜೆ ಪರೀಕ್ಷೆ ಎಂದು ಅವಳು ಹೊರಟ ಮೇಲೆ ನಾನು ನೆಲದಲ್ಲಿ ಮಂಡಿಯೂರಿ ಹೊಲಿಗೆಗೆ ಮೂಗು ತಾಗಿಸಿ ಉಸಿರೆಳೆದೆ. ಏನೂ ಇಲ್ಲ. ಕೊಳೆತಿದ್ದರೂ ನನಗೆ ಇಷ್ಟೇ ಗೊತ್ತಾಗುವುದು. ಪಕ್ಕದ ಮನೆಯಾಕೆಯನ್ನು ಕರೆದೆ. ಅವರು ಬಾಗಿ, “ಎಂತ ಇಲ್ಲ, ಚಂದ ಉಂಟು” ಎಂದರು. ಆದರೆ ಆ ಮಾತನ್ನು ನಂಬುವುದು ಹೇಗೆ? ಅವರು ನನಗೆ ಬೇಜಾರಾಗಬಾರದು ಎಂದು ಸುಳ್ಳು ಹೇಳುವ ಒಳ್ಳೆಯ ಹೆಂಗಸು.

ಸೋಮವಾರ ಬೆಳಿಗ್ಗೆ ಹಾರ್ನ್ ಕೇಳಿದ ಕೂಡಲೇ ಗೇಟಿಗೆ ಹೋದೆ. ಪಾತ್ರೆ ಹಿಡಿದಿರಲಿಲ್ಲ.

“ಕಾಕ, ಒಂದು ಉಪಕಾರ ಆಗ್ಬೇಕು. ಮುಟ್ಟುವುದು ಬೇಡ. ಮೂಸಿ ನೋಡ್ಬೇಕು.”

ಅವರು ಸ್ಕೂಟರ್ ಸ್ಟ್ಯಾಂಡ್ ಹಾಕಿ ಒಳಗೆ ಬಂದರು. ಸಿಟೌಟಿನಲ್ಲಿ ಅವಳು ಮಲಗಿದ್ದಳು, ಎದ್ದು ಬಾಲ ಬಡಿದಳು. ನಾನು ಅವಳ ಮುಖವನ್ನು ತೊಡೆಗೆ ಒತ್ತಿ ಹಿಡಿದೆ, ಎಲ್ಲಿಯಾದರೂ ಅವರ ಕೈ ನೆಕ್ಕಿಬಿಟ್ಟರೆ ಎಂದು. ಕಾಕ ಲುಂಗಿ ಎತ್ತಿ ಕಟ್ಟಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಗೇಣು ದೂರದವರೆಗೆ ಬಾಗಿದರು. ಕಣ್ಣು ಮುಚ್ಚಿದರು. ಒಮ್ಮೆ ಎಳೆದರು. ತಲೆ ಆಚೆ ತಿರುಗಿಸಿ ಉಸಿರು ಬಿಟ್ಟು ಮತ್ತೊಮ್ಮೆ ಎಳೆದರು. ಎಷ್ಟು ಹೊತ್ತು ಮಾರಾಯ್ರೆ! ಅವರ ಹುಬ್ಬು ಗಂಟಾದದ್ದು ನೋಡಿ ರಿಕ್ಷಾದ ನಂಬರ್ ಎಲ್ಲಿಟ್ಟಿದ್ದೇನೆ ಎಂದು ಮನಸ್ಸಿನಲ್ಲೇ ಹುಡುಕತೊಡಗಿದೆ.

“ಬರ್ತದೆ ಅಕ್ಕ,” ಎಂದರು.

“ಎಂತದು?”

ಅವರು ನೆಟ್ಟಗಾಗಿ ಮೂಗು ಒರೆಸಿಕೊಂಡರು. “ನಾಯಿಯದ್ದು. ಎರಡು ವಾರ ಮೀಯದ ನಾಯಿಯದ್ದು. ಬೇರೆಂತ ಇಲ್ಲ. ಬರೀ ನಾಯಿ ವಾಸನೆ.”

ನಾನು ಅವಳ ಕುತ್ತಿಗೆಯಲ್ಲಿ ಮುಖ ಹುಗಿಸಿದೆ. ನನಗೆ ಏನೂ ಬರಲಿಲ್ಲ. ಕಾಕ ಹೊರಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದರು. “ಬಂಗುಡೆ ಉಂಟು, ಇವತ್ತಿನದು,” ಎಂದು ಗೇಟಿನಿಂದಲೇ ಕೂಗಿದರು. “ಪಾತ್ರೆ ತನ್ನಿ ಅಕ್ಕ. ನಾಳೆಯೂ ಮೂಸ್ತೇನೆ.”