ಗಂಗಮ್ಮಕ್ಕನ ತಿಂಗಳ ಕೊನೆ

ಸಂಬಳದ ಮರುದಿನ ನಮ್ಮ ಗಂಗಮ್ಮಕ್ಕನ ನಗು ಬೀದಿಯ ನಲ್ಲಿಯವರೆಗೂ ಕೇಳುತ್ತಿತ್ತು. ತಿಂಗಳು ಅರ್ಧ ಕಳೆಯುವಷ್ಟರಲ್ಲಿ ನಗು ಹೋಗಿ ಬರೀ ಮಾತು ಉಳಿಯುತ್ತಿತ್ತು. ಕೊನೆಯ ವಾರ ಮಾತೂ ಇಲ್ಲ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ತುಟಿ ಮಾತ್ರ ಆಡಿಸುತ್ತಾ ಒಲೆಯ ಮುಂದೆ ಕುಳಿತಿರುತ್ತಿದ್ದರು.

ಮಕ್ಕಳೇ, ಅವರು ನಿಮ್ಮ ತಾತನ ಅಣ್ಣನ ಹೆಂಡತಿ. ಎಪ್ಪತ್ತರ ದಶಕದಲ್ಲಿ ನಾನು ಹೆಸರಘಟ್ಟದ ಕಡೆಯ ಹಳ್ಳಿಯಿಂದ ಮದುವೆಯಾಗಿ ಯಶವಂತಪುರದ ವಠಾರಕ್ಕೆ ಬಂದಾಗ ಎರಡು ಕೋಣೆಯಲ್ಲಿ ಎರಡು ಸಂಸಾರ. ನನಗೋ ಯಾರ ಮುಖ ನೋಡಲೂ ನಾಚಿಕೆ. ಅಕ್ಕ ಮಾಕಳಿಯವರು. ಮೊದಲ ದಿನವೇ, "ಯಾಕಮ್ಮಿ ಇಂಗೆ ಗೋಡೆಗೆ ಅಂಟ್ಕೊಂಡಿದೀಯ? ನೀನು ಇಡ್ಕೊಳ್ದಿದ್ರೂ ಅದು ಬೀಳಲ್ಲ" ಎಂದರು. ಸೀಮೆಎಣ್ಣೆ ಸ್ಟೌವ್ ಹಚ್ಚುವುದು, ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿ ಪಡೆಯುವುದು, ಎಲ್ಲ ಅವರೇ ಕಲಿಸಿದ್ದು. ಅವರು ಸುಮ್ಮನಾದ ವಾರ ಇಡೀ ಬೆಂಗಳೂರಿನಲ್ಲಿ ನನಗೆ ಯಾರೂ ಇರುತ್ತಿರಲಿಲ್ಲ.

"ಏನ್ ಗಂಗಮ್ಮಾ, ನಿಮ್ದು ರೇಡಿಯೋ ಬಂದ್ ಆಯ್ತಾ?" ಎಂದು ಪಕ್ಕದ ಮನೆಯ ಮುಮ್ತಾಜ್ ಬೀ ರೇಗಿಸಿದರೂ ಅಕ್ಕ ತಲೆ ಎತ್ತುತ್ತಿರಲಿಲ್ಲ.

ಭಾವ ಒಳ್ಳೆಯವರು. ನಿಮ್ಮ ತಾತ ಕೂಡ ತಮ್ಮ ಸಂಬಳವನ್ನು ಅಣ್ಣನ ಕೈಗೇ ಕೊಡುತ್ತಿದ್ದರು. ಅದರಲ್ಲಿ ಇಷ್ಟು ಎಂದು ಭಾವ ಮನೆಖರ್ಚಿಗೆ ಅಕ್ಕನಿಗೆ ಕೊಡುತ್ತಿದ್ದರು. ಹೆಂಡತಿಯ ತುಟಿ ಆಡುವುದನ್ನು ಕಂಡು, ಏನೋ ಗಾಳಿ ಸೋಕಿದೆ ಎಂದು ಹೆದರಿದರು. ಟಾನಿಕ್ ಬಂತು, ತಾಯಿತ ಬಂತು, ತಲೆಗೆ ಹಚ್ಚಲು ಯಾವುದೋ ದುಬಾರಿ ಎಣ್ಣೆ ಬಂತು. ಆ ಖರ್ಚನ್ನೆಲ್ಲ ಮನೆಖರ್ಚಿನ ಹಣದಲ್ಲೇ ಮುರಿದುಕೊಳ್ಳುತ್ತಿದ್ದರು. ಮುಂದಿನ ತಿಂಗಳು ಅಕ್ಕ ಇನ್ನೂ ಬೇಗ ಸುಮ್ಮನಾಗುತ್ತಿದ್ದರು.

ಒಂದು ಬೆಳಿಗ್ಗೆ ಪಕ್ಕದಲ್ಲಿ ಕುಳಿತು ಅಕ್ಕಿ ಆರಿಸುವಾಗ ಅವರ ಪಿಸುಮಾತು ನನ್ನ ಕಿವಿಗೆ ಬಿತ್ತು. ಬಾಡಿಗೆ, ಹಾಲು, ಸೀಮೆಎಣ್ಣೆ, ಮಗನ ಸ್ಕೂಲ್ ಫೀಸು. ಮತ್ತೆ ಬಾಡಿಗೆ, ಹಾಲು.

"ಅಕ್ಕಾ, ಯಾರ ಜೊತೆ ಮಾತಾಡ್ತಿದ್ದೀರಿ?"

"ಸುಮ್ನಿರಮ್ಮಿ. ನಡುವೆ ಬಾಯಿ ಆಕಿದ್ರೆ ಮೊದ್ಲಿಂದ ಸುರು ಮಾಡ್ಬೇಕು."

"ಸಾಲದು ಅಂತ ಭಾವನವರಿಗೆ ಹೇಳಬಾರದಾ?"

"ಅವ್ರಿಗೆ ಅವಮಾನ ಆಗಲ್ವಾ? ಎಷ್ಟು ಬತ್ತದೋ, ಎಷ್ಟು ಉಳೀತದೋ, ಅದನ್ನೆಲ್ಲ ಎಂಗಸ್ರು ಕೇಳ್ತಾರಾ?"

ಅದೇ ವಾರ ಭಾವ ಶಾಂತಿ ಮಾಡಿಸಲು ನಿರ್ಧರಿಸಿ ಬಂದರು. ಅಕ್ಕನ ಬಳೆ ಅಡವಿಟ್ಟು ಖರ್ಚು ನೋಡಿಕೊಳ್ಳುವುದು. ಅದರಿಂದಲೂ ತಲೆ ಸರಿಹೋಗದಿದ್ದರೆ ಮಾಕಳಿಗೆ ಕಳಿಸಿಬಿಡುವುದು, ತವರಿನಲ್ಲೇ ಇರಲಿ ಎಂದರು. ಅಕ್ಕ ಬಚ್ಚಲ ಬಾಗಿಲಲ್ಲಿ ಕುಳಿತು ಮುಂಗೈಗೆ ಸೋಪು ಹಚ್ಚಿ ಬಳೆ ಜಾರಿಸತೊಡಗಿದರು. ಇವರು ಹೋದರೆ ನಾನೇನು ಮಾಡಲಿ ಎನ್ನಿಸಿತು.

ಅಲ್ಲಿಯವರೆಗೆ ನಾನು ಭಾವನ ಎದುರು ಬಾಯಿ ಬಿಟ್ಟವಳಲ್ಲ. ಅಡುಗೆಕೋಣೆಯ ಬಾಗಿಲ ಹಿಂದೆ ನಿಂತೇ ಹೇಳಿದೆ. "ಭಾವ, ಅದು ಗಾಳಿಯಲ್ಲ. ಅಕ್ಕ ಬಾಡಿಗೆ, ಹಾಲು ಅಂತ ಲೆಕ್ಕ ಹಾಕ್ತಿರ್ತಾರೆ. ಸಂಬಳ ಎಷ್ಟು ಬರುತ್ತೆ ಅಂತ ಅವರಿಗೆ ಹೇಳಿಬಿಡಿ."

ನಿಮ್ಮ ತಾತ ನೆಲ ನೋಡಿದರು. ಭಾವ ಎದ್ದು ಬಚ್ಚಲ ಬಾಗಿಲಿಗೆ ಹೋಗಿ ಅಕ್ಕನ ಎದುರು ಕುಕ್ಕರಗಾಲಲ್ಲಿ ಕುಳಿತು, ಬರುವುದೆಷ್ಟು, ಊರಲ್ಲಿದ್ದ ತಮ್ಮ ತಾಯಿಗೆ ಕಳಿಸುವುದೆಷ್ಟು, ಎಲ್ಲ ಹೇಳಿದರು.

"ಇಷ್ಟೇನಾ?" ಎಂದರು ಅಕ್ಕ.

"ಇಷ್ಟೇ ಕಣೆ."

"ಮೊದ್ಲೇ ಏಳ್ಬಾರ್ದಾಗಿತ್ತಾ? ದುಡ್ಡು ಬೇಕಾದಂಗೆ ಬತ್ತಾ ಐತೆ, ನನ್ ಕೈಯೇ ಸರಿ ಇಲ್ಲ, ಅದ್ಕೇ ಸಾಲ್ತಿಲ್ಲ ಅಂದ್ಕೊಂಡಿದ್ದೆ ನಾನು."

ಆ ಮಧ್ಯಾಹ್ನ ಅಕ್ಕ ಚಾಪೆಯನ್ನೂ ಹಾಸದೆ ಮಲಗಿ ಗೊರಕೆ ಹೊಡೆದರು. ಕೈಗೆ ಬರುವ ಹಣ ಆಮೇಲೇನೂ ಹೆಚ್ಚಲಿಲ್ಲ. ತಿಂಗಳ ಕೊನೆಗೆ ಸಾರು ನೀರಾಗುವುದೂ ತಪ್ಪಲಿಲ್ಲ. ಆದರೆ ಅಕ್ಕ ಅದನ್ನು ಬಡಿಸುತ್ತಾ, "ತಗೊಳ್ರಪ್ಪ, ಬೇಳೆ ಕೈಗೆ ಸಿಕ್ಕಿದೋರು ಕೂಗಿ ಏಳಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾವು ಆರ್.ಟಿ. ನಗರದಲ್ಲಿ ಬೇರೆ ಮನೆ ಮಾಡಿದೆವು. ಭಾವ ತೀರಿಕೊಂಡರು. ಅಕ್ಕ ಮಗನ ಜೊತೆ ದಾಸರಹಳ್ಳಿಗೆ ಹೋದರು. ನಿಮ್ಮ ತಾತನೂ ತೀರಿಕೊಂಡ ಮೇಲೆ, ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಅವರನ್ನು ನೋಡಲು ಹೋದೆ. ಒಳ್ಳೆಯ ಮನೆ, ಟಿ.ವಿ., ಫ್ಯಾನು. ಅಕ್ಕ ಮಾತ್ರ ಮಂಚದ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರು.

"ಅಮ್ಮನಿಗೆ ಏನು ಕಡಿಮೆ ಮಾಡಿದೀನಿ ಹೇಳಿ ಚಿಕ್ಕಮ್ಮ," ಎಂದ ಅವರ ಮಗ. "ಏನು ತಂದ್ರೂ ಎಷ್ಟಾಯ್ತು, ಎಲ್ಲಿಂದ ಬಂತು ಅಂತಾರೆ. ಅದೆಲ್ಲ ನಿಮಗ್ಯಾಕೆ, ನಾನಿದೀನಲ್ಲ, ಆರಾಮಾಗಿರಿ ಅಂದ್ರೆ ಮಾತೇ ಬಿಟ್ಟುಬಿಡ್ತಾರೆ."

ಅವನಿಗೆ ತಾಯಿಯ ಮೇಲೆ ಪ್ರೀತಿ ಇಲ್ಲದೆ ಇರಲಿಲ್ಲ. ಅವನು ಹೊರಗೆ ಹೋದ ಮೇಲೆ ಅಕ್ಕ ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡರು.

"ನಿನ್ ಮಗ ಎಷ್ಟು ತರ್ತಾನೆ ಅಂತ ನಿಂಗೆ ಏಳಿದಾನಾ?"

ನಿಮ್ಮಪ್ಪ ಆಗ ತಾನೇ ಕೆಲಸಕ್ಕೆ ಸೇರಿದ್ದ. ಅವನೂ ನನಗೆ, ಆರಾಮಾಗಿರಮ್ಮ ಎಂದೇ ಹೇಳಿದ್ದ. ನಾನು ತಲೆಯಾಡಿಸಿದೆ, ಇಲ್ಲ ಎಂದು.

ಅಕ್ಕ ತಮ್ಮ ಲೋಟದ ಕಾಫಿಯಲ್ಲಿ ಅರ್ಧವನ್ನು ನನ್ನ ಲೋಟಕ್ಕೆ ಬಗ್ಗಿಸಿ, "ಕುಡಿಯಮ್ಮಿ" ಎಂದರು.

ಮತ್ತೆ ದಾಸರಹಳ್ಳಿಗೆ ಹೋದದ್ದು ಅವರ ತಿಥಿಗೆ. ಮಗ ಎಷ್ಟು ತರ್ತಾನೆ ಅಂತ ನಿನಗೆ ಹೇಳಿದಾನಾ ಎಂದು ನನ್ನ ಹತ್ತಿರ ಕೂತು ಕೇಳುವವರು ಆಮೇಲೆ ಯಾರೂ ಇರಲಿಲ್ಲ.